ನೆಗಡಿ ಹೋದ ಮೇಲೂ ಉಳಿಯುವ ಕಿವಿಯ ಮೊರೆತ

ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ಒಕ್ಕಣೆ ನಡೆದು, ಕುರುಗೋಡಿನ ಕಡೆ ಮೆಣಸಿನಕಾಯಿ ಒಣಹಾಕುವ ದಿನಗಳು ಬಂತೆಂದರೆ ಸತ್ಯನಾರಾಯಣಪೇಟೆಯ ನಮ್ಮ ಚಿಕಿತ್ಸಾಲಯಕ್ಕೆ ಒಂದೇ ಬಗೆಯ ತೊಂದರೆ ಹೇಳಿಕೊಂಡು ಬರುವವರು ಹೆಚ್ಚುತ್ತಾರೆ. ಬೆಳಗಿನ ಚಳಿ, ಮಧ್ಯಾಹ್ನದ ಬಿಸಿಲು, ಇವೆರಡರ ನಡುವೆ ಧೂಳು. ಮೊದಲು ನೆಗಡಿ, ಬಳಿಕ ಹಣೆ ಮತ್ತು ಕೆನ್ನೆಗಳಲ್ಲಿ ಭಾರ, ಬಗ್ಗಿದರೆ ತಲೆನೋವು, ಹಳದಿ ಸಿಂಬಳ. ಹತ್ತು ಹದಿನೈದು ದಿನಗಳಲ್ಲಿ ಇವೆಲ್ಲ ಇಳಿಯುತ್ತವೆ. ಆದರೆ ಒಂದು ಮಾತ್ರ ಉಳಿಯುತ್ತದೆ. "ಮೂಗೇನೋ ಬಿಡ್ತು ಡಾಕ್ಟರೇ, ಕಿವ್ಯಾಗ ಜೀರುಂಡಿ ಕುಂತಂಗ ಆಗೈತ್ರಿ" ಎಂದು ರೋಗಿಗಳು ಹೇಳುವ ಆ ಶಬ್ದ. ಕೆಲವರಿಗೆ ಗುಂಯ್ ಎಂದು, ಕೆಲವರಿಗೆ ಕುಕ್ಕರಿನ ಸಣ್ಣ ಸೀಟಿಯಂತೆ, ಮತ್ತೆ ಕೆಲವರಿಗೆ ದೂರದಲ್ಲಿ ನೀರು ಹರಿದಂತೆ ಕೇಳಿಸುತ್ತದೆ.

ಇದಕ್ಕೆ ಕಿವಿಯಲ್ಲಿ ಏನು ಹಾಕಬೇಕು ಎಂಬುದೇ ಎಲ್ಲರ ಮೊದಲ ಪ್ರಶ್ನೆ. ವೈದ್ಯನಾದವನು ಕೇಳುವ ಪ್ರಶ್ನೆ ಬೇರೆ: ಆ ಕಿವಿಯಲ್ಲಿ ಮಾತು ಮೊದಲಿನಷ್ಟೇ ಸ್ಪಷ್ಟವಾಗಿ ಕೇಳಿಸುತ್ತಿದೆಯೇ? ಮೊರೆತವು ತನ್ನಷ್ಟಕ್ಕೆ ಒಂದು ರೋಗವಲ್ಲ. ಶಬ್ದವು ಕಿವಿಯಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಎಲ್ಲಿಯೋ ಕೊರತೆಯಾಗಿದೆ ಎಂಬುದನ್ನು ಅದು ಸಾಮಾನ್ಯವಾಗಿ ತಿಳಿಸುತ್ತದೆ. ಹೊರಗಿನ ಶಬ್ದ ಕಡಿಮೆಯಾಗಿ ಬಂದಾಗ ಮಿದುಳು ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಳ್ಳುತ್ತದೆ. ಹಾಗೆ ಏರಿಸಿಕೊಂಡಾಗ, ಎಂದಿನಿಂದಲೂ ಇದ್ದು ನಮ್ಮ ಗಮನಕ್ಕೆ ಬಾರದಿದ್ದ ನರಗಳ ಸಣ್ಣ ಚಟುವಟಿಕೆಯೇ ಶಬ್ದವಾಗಿ ಕೇಳತೊಡಗುತ್ತದೆ. ಹಳೆಯ ರೇಡಿಯೋದಲ್ಲಿ ನಿಲಯ ಸಿಕ್ಕದೆ ಧ್ವನಿಯ ತಿರುಪನ್ನು ಪೂರ್ತಿ ತಿರುಗಿಸಿದಾಗ ಬರುತ್ತಿದ್ದ ಭೋರ್ಗರೆತವನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಬಹುಪಾಲು ಜನರಲ್ಲಿ ಈ ಕೊರತೆ ನಿರಪಾಯಕರವಾದುದು, ತಾನಾಗಿಯೇ ತುಂಬಿಕೊಳ್ಳುವಂಥದು. ಕೆಲವೇ ಕೆಲವರಲ್ಲಿ ಮಾತ್ರ ಅದು ದಿನಗಳ ಲೆಕ್ಕದಲ್ಲಿ ಕೈಮೀರುತ್ತದೆ. ಇವೆರಡನ್ನೂ ಬೇರ್ಪಡಿಸಿ ತಿಳಿಯುವ ಬಗೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮೂಗಿನ ರೋಗ ಕಿವಿಗೆ ಹೇಗೆ ಬರುತ್ತದೆ? ಮೂಗಿನ ಹಿಂಭಾಗಕ್ಕೂ ಕಿವಿಯ ತಮಟೆಯ ಹಿಂದಿರುವ ನಡುಗಿವಿಗೂ ಒಂದು ಸಣ್ಣ ನಾಳದ ಸಂಬಂಧವಿದೆ. 16ನೆಯ ಶತಮಾನದ ಇಟಲಿಯ ಶಾರೀರ ವಿದ್ವಾಂಸ ಯುಸ್ಟೇಕಿಯನ ಹೆಸರಿನಿಂದ ಅದನ್ನು ಕರೆಯುತ್ತಾರೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು 3.5 ಸೆಂಟಿಮೀಟರ್. ಸಾಮಾನ್ಯವಾಗಿ ಅದು ಮುಚ್ಚಿಕೊಂಡೇ ಇರುತ್ತದೆ. ನಾವು ನುಂಗಿದಾಗ, ಆಕಳಿಸಿದಾಗ ಕ್ಷಣಕಾಲ ತೆರೆದು ತಮಟೆಯ ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡವನ್ನು ಸಮಗೊಳಿಸುತ್ತದೆ. ಶ್ರೀಶೈಲದ ಯಾತ್ರೆಗೆ ಬಸ್ಸಿನಲ್ಲಿ ನಲ್ಲಮಲೆಯ ಘಟ್ಟ ಏರುವಾಗ ಕಿವಿ ಕಟ್ಟಿಕೊಂಡು, ಒಂದು ಗುಟುಕು ನೀರು ಕುಡಿದೊಡನೆ 'ಟಪ್' ಎಂದು ಬಿಟ್ಟುಕೊಳ್ಳುವ ಅನುಭವ ನಮ್ಮ ಭಕ್ತರಲ್ಲಿ ಬಹಳ ಮಂದಿಗೆ ಉಂಟು. ಆ ಕೆಲಸ ಮಾಡುವುದು ಈ ನಾಳವೇ.

ಸೈನಸ್ಸಿನ ಸೋಂಕಿನಲ್ಲಿ ಮೂಗಿನ ಒಳಪೊರೆ ಊದಿಕೊಂಡಂತೆ ಈ ನಾಳದ ಬಾಯಿಯೂ ಊದಿಕೊಂಡು ಮುಚ್ಚಿಬಿಡುತ್ತದೆ. ನಡುಗಿವಿಯಲ್ಲಿ ಸಿಕ್ಕಿಬಿದ್ದ ಗಾಳಿಯನ್ನು ಸುತ್ತಲಿನ ಪೊರೆ ನಿಧಾನವಾಗಿ ಹೀರಿಕೊಳ್ಳುತ್ತದೆ. ಒಳಗೆ ಒತ್ತಡ ಇಳಿದು ತಮಟೆ ಒಳಕ್ಕೆ ಸೆಳೆಯಲ್ಪಡುತ್ತದೆ. ಇನ್ನೂ ಮುಂದುವರಿದರೆ ಆ ಖಾಲಿ ಜಾಗದಲ್ಲಿ ತಿಳಿಯಾದ ಅಥವಾ ಅಂಟಾದ ದ್ರವ ಒಸರಿ ನಿಲ್ಲುತ್ತದೆ. ಬಿಗಿಯಾದ ತಮಟೆ, ದ್ರವದಲ್ಲಿ ಮುಳುಗಿದ ಸಣ್ಣ ಮೂಳೆಗಳು: ಹೀಗಿರುವಾಗ ಹೊರಗಿನ ಶಬ್ದ ಮಂಕಾಗಿ ಬರುತ್ತದೆ, ನಮ್ಮದೇ ಮಾತು ಕೊಡದೊಳಗಿನಿಂದ ಆಡಿದಂತೆ ಕೇಳಿಸುತ್ತದೆ, ಜೊತೆಗೆ ಮೊರೆತ ಏಳುತ್ತದೆ. ಮೂಗು ಬಿಟ್ಟ ಮೇಲೂ ಈ ನಾಳದ ಊತ ಇಳಿಯಲು ಎರಡು ಮೂರು ವಾರಗಳು ಬೇಕು. ದ್ರವ ನಿಂತಿದ್ದರೆ ಅದು ಬತ್ತಲು ಕೆಲವರಲ್ಲಿ ಮೂರು ತಿಂಗಳವರೆಗೂ ಹಿಡಿಯುತ್ತದೆ. ಆದ್ದರಿಂದ ನೆಗಡಿ ಹೋಗಿ ಹದಿನೈದು ದಿನವಾಯಿತು, ಕಿವಿ ಇನ್ನೂ ಬಿಟ್ಟಿಲ್ಲ ಎಂಬುದೊಂದೇ ಕಾರಣಕ್ಕೆ ಗಾಬರಿಪಡಬೇಕಾಗಿಲ್ಲ.

ನಮ್ಮ ಪ್ರಾಚೀನ ಆಚಾರ್ಯರು ಈ ನಂಟನ್ನು ಗಮನಿಸಿದ್ದರೆಂಬುದು ನನಗೆ ಯಾವಾಗಲೂ ಸೋಜಿಗದ ಸಂಗತಿ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಇಪ್ಪತ್ತೆಂಟು ಕರ್ಣರೋಗಗಳ ಎಣಿಕೆಯಿದೆ. ಅವುಗಳಲ್ಲಿ ನಾನಾ ಶಬ್ದಗಳು ಕೇಳಿಸುವ ಕರ್ಣನಾದವನ್ನೂ ಕರ್ಣಕ್ಷ್ವೇಡವನ್ನೂ ಬೇರೆಬೇರೆಯಾಗಿ ಹೇಳಿದ್ದಾರೆ. ಶಬ್ದವನ್ನು ಒಯ್ಯುವ ಮಾರ್ಗಗಳಲ್ಲಿ ವಾತವು ಕಫದೊಡನೆ ಸೇರಿ ನಿಂತು, ಅದಕ್ಕೆ ಚಿಕಿತ್ಸೆ ಮಾಡದೆ ಬಿಟ್ಟರೆ ಕಿವುಡುತನ ಬರುತ್ತದೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಪ್ರತಿಶ್ಯಾಯದ, ಎಂದರೆ ನೆಗಡಿಯ, ಅಧ್ಯಾಯದಲ್ಲಿ ಅಲಕ್ಷ್ಯದಿಂದ ಬೆಳೆದ ಪೀನಸದ ಉಪದ್ರವಗಳನ್ನು ಹೇಳುವಾಗಲೂ ಕಿವುಡುತನದ ಉಲ್ಲೇಖ ಬರುತ್ತದೆ. ವಾಗ್ಭಟರು ಅಷ್ಟಾಂಗ ಹೃದಯದಲ್ಲಿ ಕರ್ಣರೋಗಗಳಿಗೆ ಕಾರಣ ಹೇಳುವಾಗ ನೆಗಡಿ, ನೀರಾಟ, ಕಿವಿ ಕೆರೆಯುವುದು ಮತ್ತು ಶಬ್ದದ ಮಿಥ್ಯಾಯೋಗ ಇವುಗಳನ್ನು ಒಟ್ಟಿಗೆ ಎಣಿಸಿದ್ದಾರೆ. ನನ್ನ ಬಳಿ ಬರುವವರನ್ನು ವಿಚಾರಿಸಿದರೆ ಈ ನಾಲ್ಕರಲ್ಲಿ ಎರಡಾದರೂ ಹೊರಬೀಳುವುದು ಸಾಮಾನ್ಯ.

ಕಿವಿ ಕೆರೆಯುವ ಮಾತು ಬಂದದ್ದರಿಂದ ಅದನ್ನು ಮುಗಿಸಿಬಿಡುತ್ತೇನೆ. ಕಿವಿ ಕಟ್ಟಿದಂತಾದಾಗ ಬೆಂಕಿಕಡ್ಡಿ, ಪಿನ್ನು, ಬೈಕಿನ ಕೀಲಿ ಕೈಗೆ ಸಿಕ್ಕಿದ್ದನ್ನು ಹಾಕಿ ತಿರುವುವವರಿದ್ದಾರೆ. ತೊಂದರೆಯಿರುವುದು ತಮಟೆಯ ಹಿಂದೆ; ಕಡ್ಡಿ ಹೋಗುವುದು ತಮಟೆಯ ಮುಂದೆ. ಅದರಿಂದ ಗುಗ್ಗೆ ಇನ್ನಷ್ಟು ಒಳಕ್ಕೆ ಒತ್ತಲ್ಪಟ್ಟು ತಮಟೆಗೆ ಅಂಟುತ್ತದೆ, ಮೊರೆತ ಇಮ್ಮಡಿಯಾಗುತ್ತದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಸುಡುಸುಡುವಾಗಿ ಕಿವಿಗೆ ಬಿಟ್ಟುಕೊಂಡು ಕಿವಿಯ ನಾಳದ ಚರ್ಮ ಸುಟ್ಟುಕೊಂಡು ಬಂದವರನ್ನೂ ನೋಡಿದ್ದೇನೆ. ಕರ್ಣಪೂರಣವೆಂಬ ಚಿಕಿತ್ಸೆ ಆಯುರ್ವೇದದಲ್ಲಿ ಇದೆಯಲ್ಲವೇ ಎಂದು ಕೇಳಬಹುದು. ಇದೆ, ಕರ್ಣನಾದಕ್ಕೂ ಅದನ್ನು ವಿಧಿಸಿದೆ. ಆದರೆ ಕಿವಿಯನ್ನು ದೀಪ ಹಿಡಿದು ನೋಡಿ, ತಮಟೆಯಲ್ಲಿ ತೂತಿಲ್ಲ, ಕೀವಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ, ಮೈಬಿಸಿಯಷ್ಟೇ ಬೆಚ್ಚಗಿರುವ ಸಿದ್ಧತೈಲದಿಂದ ವೈದ್ಯರು ಮಾಡತಕ್ಕ ಕ್ರಿಯೆ ಅದು. ನೆಗಡಿಯ ಜೊತೆ ಕಿವಿನೋವು ಬಂದು, ಕೀವು ಒಸರಿ, ನೋವು ಒಮ್ಮೆಲೇ ಇಳಿದಿದ್ದರೆ ತಮಟೆ ಹರಿದಿರುವ ಸಂಭವವುಂಟು. ಅಂಥ ಕಿವಿಗೆ ಎಣ್ಣೆ, ನೀರು, ರಸ ಯಾವುದನ್ನೂ ಬಿಡಬಾರದು.

ಇನ್ನು ಅತಿ ಮುಖ್ಯವಾದ ವಿಷಯ. ಇದನ್ನು ತುಸು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

ನಡುಗಿವಿಯ ಆಚೆ, ಶಂಖದ ಸುರುಳಿಯಂತಹ ಆಕೃತಿಯುಳ್ಳ ಒಳಗಿವಿ ಇದೆ. ಅದರಲ್ಲಿ ಸುಮಾರು ಹದಿನೈದು ಸಾವಿರ ಸೂಕ್ಷ್ಮ ರೋಮಕೋಶಗಳು ಇರುತ್ತವೆ. ಶಬ್ದದ ಅಲೆಯನ್ನು ನರದ ಸಂದೇಶವನ್ನಾಗಿ ಬದಲಿಸುವುದು ಇವೇ. ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೆಗಡಿಯ ಹಿಂದೆಯೋ ಜೊತೆಗೋ, ಅನೇಕ ಸಲ ಯಾವ ಕಾರಣವೂ ಕಾಣದೆಯೋ, ಒಂದು ಕಿವಿಯ ಒಳಭಾಗ ಒಂದೆರಡು ದಿನಗಳೊಳಗೆ ಹಠಾತ್ತನೆ ಮಂಕಾಗುವುದುಂಟು. ಬೆಳಿಗ್ಗೆ ಎದ್ದಾಗ ಒಂದು ಕಿವಿಯಲ್ಲಿ ಜೋರಾದ ಮೊರೆತ, ಆ ಕಿವಿಗೆ ಮೊಬೈಲ್ ಹಿಡಿದರೆ ಮಾತು ಕೇಳುವುದಿಲ್ಲ ಅಥವಾ ಒಡೆದಂತೆ ಕೇಳುತ್ತದೆ. ಕೆಲವರಿಗೆ ಜೊತೆಗೆ ತಲೆಸುತ್ತು. ನೋವಿರುವುದಿಲ್ಲ. ನೋವಿಲ್ಲದ್ದರಿಂದಲೇ ಜನರು ಕಾಯುತ್ತಾರೆ. ನೆಗಡಿಯಿಂದ ಕಿವಿ ಕಟ್ಟಿದೆ, ತಾನೇ ಬಿಡುತ್ತದೆ ಎಂದುಕೊಳ್ಳುತ್ತಾರೆ. ಆದರೆ ಇದರಲ್ಲಿ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲಿ ಆರಂಭವಾದರೆ ಫಲದ ಆಸೆ ಹೆಚ್ಚು, ಎರಡು ವಾರ ದಾಟಿದರೆ ಬಹಳ ಕಡಿಮೆ. ನಾನು ಆಯುರ್ವೇದದ ವೈದ್ಯನಾಗಿಯೇ ಹೇಳುತ್ತಿದ್ದೇನೆ: ಇಂಥ ರೋಗಿ ನನ್ನ ಬಳಿ ಬಂದರೆ ಕಷಾಯ ಬರೆದು ಕೂರಿಸುವುದಿಲ್ಲ, ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರ ಬಳಿಗೆ ಕಳುಹಿಸುತ್ತೇನೆ. ಸಕ್ಕರೆ ಕಾಯಿಲೆಯಿರುವವರು ಅದನ್ನು ಮೊದಲೇ ತಜ್ಞರಿಗೆ ತಿಳಿಸಬೇಕು, ಏಕೆಂದರೆ ಸ್ಟೀರಾಯ್ಡಿನಿಂದ ರಕ್ತದ ಸಕ್ಕರೆ ಏರುತ್ತದೆ. ಏರುತ್ತದೆಂಬ ಭಯದಿಂದ ಚಿಕಿತ್ಸೆಯನ್ನೇ ಬಿಡುವುದು ಸರಿಯಲ್ಲ.

ಕಟ್ಟಿದ ಕಿವಿಗೂ ಒಳಗಿವಿಯ ಈ ಆಘಾತಕ್ಕೂ ಇರುವ ವ್ಯತ್ಯಾಸವನ್ನು ಮನೆಯಲ್ಲಿಯೇ ಸ್ಥೂಲವಾಗಿ ಊಹಿಸಲು ಒಂದು ಉಪಾಯವಿದೆ. ಶಾಂತವಾದ ಕೋಣೆಯಲ್ಲಿ ಬಾಯಿ ಮುಚ್ಚಿ, ಓಂಕಾರದ ಕೊನೆಯ ಮಕಾರವನ್ನು ಎಳೆಯುವಂತೆ ತಗ್ಗಿದ ದನಿಯಲ್ಲಿ ಹೂಂಕರಿಸಬೇಕು. ನಡುಗಿವಿ ಕಟ್ಟಿದ್ದರೆ ಆ ಧ್ವನಿ ಕಟ್ಟಿದ ಕಿವಿಯ ಕಡೆಗೇ ಜೋರಾಗಿ ಕೇಳಿಸುತ್ತದೆ. ಚೆನ್ನಾಗಿರುವ ಕಿವಿಯನ್ನು ಬೆರಳಿನಿಂದ ಮುಚ್ಚಿ ಹೂಂಕರಿಸಿ ನೋಡಿದರೆ ಇದರ ಮರ್ಮ ತಿಳಿಯುತ್ತದೆ. ಅದಕ್ಕೆ ಬದಲಾಗಿ, ತೊಂದರೆಯಿರುವ ಕಿವಿಯಲ್ಲಿ ಏನೂ ಕೇಳದೆ ಚೆನ್ನಾಗಿರುವ ಕಿವಿಯಲ್ಲಿಯೇ ಧ್ವನಿ ಜೋರಾಗಿದ್ದರೆ ಒಳಗಿವಿಯ ಮೇಲೆ ಅನುಮಾನ ಪಡಬೇಕು. ವೈದ್ಯರು ಶ್ರುತಿಕವೆಯನ್ನು ಹಣೆಯ ಮೇಲಿಟ್ಟು ಮಾಡುವ ಪರೀಕ್ಷೆಯ ತತ್ವವೂ ಇದೇ. ಇದು ನಿರ್ಣಯವಲ್ಲ. ಸಂದೇಹವಿದ್ದಾಗ ಶ್ರವಣ ಪರೀಕ್ಷೆಯೇ ಪ್ರಮಾಣ.

ಔಷಧಗಳಿಂದಲೂ ಮೊರೆತ ಬರುವುದುಂಟು. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ವರ್ಗದ ಚುಚ್ಚುಮದ್ದುಗಳು ರೋಮಕೋಶಗಳಿಗೆ ಹಾನಿ ಮಾಡಬಲ್ಲವು. ಸೈನಸ್ಸಿಗೆ ಇವು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೂ 'ಜಲ್ದಿ ಗುಣವಾಗಲಿ, ಒಂದು ಸೂಜಿ ಹಾಕಿಬಿಡಿ' ಎಂದು ಕೇಳುವ ರೂಢಿ ನಮ್ಮ ಕಡೆ ಬಲವಾಗಿದೆ. ಕೇಳದಿರುವುದು ಲೇಸು. ಕೆಲವು ವಂಶಗಳಲ್ಲಿ ತಾಯಿಯಿಂದ ಮಕ್ಕಳಿಗೆ ಇಳಿದುಬರುವ ಒಂದು ದೋಷದ ಕಾರಣ ಈ ವರ್ಗದ ಔಷಧದ ಅಲ್ಪ ಪ್ರಮಾಣವೂ ಕಿವುಡು ತರುತ್ತದೆ. ತಾಯಿಯ ಕಡೆಯ ಬಂಧುಗಳಲ್ಲಿ ಯಾರಿಗಾದರೂ ಚುಚ್ಚುಮದ್ದಿನ ನಂತರ ಕಿವಿ ಹೋಗಿದ್ದರೆ ಅದನ್ನು ವೈದ್ಯರಿಗೆ ಮೊದಲು ಹೇಳಬೇಕು. ತಲೆನೋವಿಗೆಂದು ಆಸ್ಪಿರಿನ್ನನ್ನು ಹೆಚ್ಚು ಪ್ರಮಾಣದಲ್ಲಿ ನುಂಗಿದಾಗಲೂ ಎರಡೂ ಕಿವಿಗಳಲ್ಲಿ ಮೊರೆತ ಏಳುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ಹೃದಯಕ್ಕಾಗಿ ವೈದ್ಯರು ಬರೆದ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆಯನ್ನು ಈ ಭಯದಿಂದ ನಿಲ್ಲಿಸಕೂಡದು.

ಶಬ್ದದ ಮಿಥ್ಯಾಯೋಗ ಎಂಬ ವಾಗ್ಭಟರ ಮಾತು ನಮ್ಮ ಊರಿಗೆ ಚೆನ್ನಾಗಿ ಹೊಂದುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳು, ಸಿರುಗುಪ್ಪದ ಅಕ್ಕಿ ಗಿರಣಿಗಳು, ಸಂಡೂರಿನ ಗಣಿಯ ಯಂತ್ರಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇಲ್ಲೆಲ್ಲ ವರ್ಷಗಟ್ಟಲೆ ದುಡಿದವರ ಒಳಗಿವಿ ಸದ್ದಿಲ್ಲದೆ ಸವೆದಿರುತ್ತದೆ. 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದೆಂದು ಒಪ್ಪಿದರೆ, 3 ಡೆಸಿಬಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. 100 ಡೆಸಿಬಲ್ಲಿಗೆ ಕೇವಲ ಕಾಲು ಗಂಟೆ ಉಳಿಯುತ್ತದೆ. ಮದುವೆ ಮೆರವಣಿಗೆಗಳ ಡಿಜೆ ಪೆಟ್ಟಿಗೆಗಳ ಮುಂದೆ ನಿಂತರೆ ಈ ಮಿತಿ ಎಷ್ಟು ಬೇಗ ಮೀರುತ್ತದೆಂದು ಹೇಳಬೇಕಾಗಿಲ್ಲ. (ನಮ್ಮ ಜಾತ್ರೆಗಳ ಸಮಾಳ, ನಂದಿಕೋಲುಗಳಿಗೂ ಇದೇ ನಿಯಮ. ವಾದ್ಯದ ತೀರ ಪಕ್ಕದಲ್ಲಿ ಎಳೆಗೂಸುಗಳನ್ನು ಎತ್ತಿಕೊಂಡು ನಿಲ್ಲಬೇಡಿ.) ಹೀಗೆ ಮೊದಲೇ ಸವೆದ ಕಿವಿಗೆ ನೆಗಡಿಯ ತಡೆಯೂ ಸೇರಿದಾಗ, ಇಲ್ಲಿಯವರೆಗೆ ಗಮನಕ್ಕೆ ಬಾರದಿದ್ದ ಮೊರೆತ ಮೊದಲ ಬಾರಿಗೆ ಎದ್ದು ಕೇಳುತ್ತದೆ. ರೋಗಿಯು ನೆಗಡಿಯಿಂದ ಬಂತು ಎನ್ನುತ್ತಾನೆ. ನೆಗಡಿ ಅದನ್ನು ತೋರಿಸಿಕೊಟ್ಟಿತು ಎನ್ನುವುದು ಹೆಚ್ಚು ಸರಿ.

ನಮ್ಮ ಭಕ್ತ ವೃಂದದಲ್ಲಿ ಮಾತ್ರ ಕಾಣುವ ಒಂದು ವಿಷಯವನ್ನು ಸಂಕೋಚದಿಂದಲೇ ಪ್ರಸ್ತಾಪಿಸುತ್ತೇನೆ. ಬೆಳಗಿನ ಜಾವ ಇಷ್ಟಲಿಂಗ ಪೂಜೆಗೆ ಕುಳಿತು, ಎಲ್ಲ ಸದ್ದೂ ಅಡಗಿದಾಗ, ಕಿವಿಯಲ್ಲಿ ಗಂಟೆಯಂತೆ, ದುಂಬಿಯಂತೆ ಧ್ವನಿ ಕೇಳಿಸಿತೆಂದು, ಅದು ಯೋಗಶಾಸ್ತ್ರದಲ್ಲಿ ಹೇಳಿದ ಅನಾಹತ ನಾದವೇ ಇರಬೇಕೆಂದು ನಂಬಿ ಯಾರಿಗೂ ಹೇಳದೆ ಉಳಿದವರಿದ್ದಾರೆ. ಸಿರುಗುಪ್ಪದ ಕಡೆಯ ಹಿರಿಯರೊಬ್ಬರು ಹೀಗೆಯೇ ಐದಾರು ತಿಂಗಳು ಕಳೆದು ಬಂದಿದ್ದರು. ಅವರ ಬಲಗಿವಿಯಲ್ಲಿ ನಿಂತಿದ್ದದ್ದು ನೆಗಡಿಯ ನಂತರದ ದ್ರವ. ಸಾಧನೆಯ ಅನುಭವವನ್ನು ಅಳೆಯುವ ಅಧಿಕಾರ ವೈದ್ಯನಿಗಿಲ್ಲ. ಅದು ಗುರುವಿಗೆ ಸೇರಿದ್ದು. ಆದರೆ ನಿಶ್ಶಬ್ದದಲ್ಲಿ ಕರ್ಣನಾದ ಎದ್ದು ಕೇಳುವುದು ಶರೀರಧರ್ಮ. ಆ ಧ್ವನಿ ಒಂದೇ ಕಿವಿಯಲ್ಲಿದ್ದರೆ, ಪೂಜೆಯಿಂದೆದ್ದ ಮೇಲೂ ಇದ್ದರೆ, ಸಂತೆಯ ಗದ್ದಲದಲ್ಲಿ ಎದುರಿನವರ ಮಾತು ತಿಳಿಯದಂತಾಗಿದ್ದರೆ ಕಿವಿಯನ್ನು ತೋರಿಸಿಕೊಳ್ಳಬೇಕು. ಅದರಿಂದ ಸಾಧನೆಗೆ ಕುಂದೇನೂ ಬಾರದು.

ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದು ಬಹುಮಟ್ಟಿಗೆ ಮೂಗಿಗೆ ಸಂಬಂಧಿಸಿದ್ದು. ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಚಹಾ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಬೆರೆಸಿ, ಜಲನೇತಿಯ ಗಿಂಡಿಯಿಂದ ದಿನಕ್ಕೆ ಒಂದೆರಡು ಬಾರಿ ಮೂಗು ತೊಳೆಯುವುದು ಹಿತಕರ. ನಳದ ನೀರನ್ನು ಕುದಿಸದೆ ಬಳಸಬಾರದು. ಕಿವಿನೋವಿರುವಾಗ, ಮೂಗು ಪೂರ್ತಿ ಕಟ್ಟಿರುವಾಗ ಇದನ್ನು ಮಾಡುವುದು ಬೇಡ. ಸಿಂಬಳ ಸೀನುವಾಗ ಎರಡೂ ಹೊಳ್ಳೆಗಳನ್ನು ಒತ್ತಿಹಿಡಿದು ಬಲವಾಗಿ ಸೀನಿದರೆ ಸೋಂಕು ನಾಳದ ಮೂಲಕ ಕಿವಿಗೆ ಏರುತ್ತದೆ. ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಸೀನಬೇಕು. ಹಬೆ ತೆಗೆದುಕೊಳ್ಳುವುದರಿಂದ ಹಾಯೆನಿಸುತ್ತದೆ, ಆದರೆ ಕುದಿಯುವ ಪಾತ್ರೆಯ ಮೇಲೆ ಕಂಬಳಿ ಹೊದ್ದು ಮಕ್ಕಳನ್ನು ಕೂರಿಸುವುದು ಅಪಾಯ. ಅಂಗಡಿಯಲ್ಲಿ ಸಿಗುವ ಮೂಗಿನ ಹನಿಗಳು ಐದು ನಿಮಿಷದಲ್ಲಿ ಮೂಗು ಬಿಡಿಸುತ್ತವೆ, ನಿಜ. ಐದು ದಿನ ದಾಟಿ ಹಾಕಿಕೊಂಡರೆ ಅವೇ ಮೂಗನ್ನು ಕಟ್ಟತೊಡಗುತ್ತವೆ, ಬಳಿಕ ಹನಿಯಿಲ್ಲದೆ ನಿದ್ದೆಯಿಲ್ಲ ಎಂಬ ಸ್ಥಿತಿ ಬರುತ್ತದೆ. ರಕ್ತದೊತ್ತಡವಿರುವವರು ನೆಗಡಿಯ ಮಾತ್ರೆಗಳನ್ನು ಕೇಳದೆ ಕೊಳ್ಳಬಾರದು, ಅವುಗಳಲ್ಲಿ ಕೆಲವು ಒತ್ತಡವನ್ನು ಏರಿಸುತ್ತವೆ. ನಸ್ಯದ ವಿಷಯದಲ್ಲೂ ಒಂದು ಮಾತು: ಹೊಸ ನೆಗಡಿಯಲ್ಲಿ ನಸ್ಯ ಮಾಡಬಾರದೆಂದು ನಮ್ಮ ಗ್ರಂಥಗಳೇ ನಿಷೇಧಿಸಿವೆ. ಅಣುತೈಲದ ಸಮಯ ಬರುವುದು ನೆಗಡಿ ಪಕ್ವವಾಗಿ ಇಳಿದ ಮೇಲೆ. ಸಾರಿವಾದಿ ವಟಿ ಕರ್ಣನಾದಕ್ಕೆ ಪ್ರಸಿದ್ಧವಾದ ಔಷಧಿ ಎಂಬುದು ಹೌದು. ಅದರಲ್ಲಿ ಭಸ್ಮಗಳಿರುವುದರಿಂದ ಅಕ್ಕಪಕ್ಕದವರು ಹೇಳಿದರೆಂದು ತಿಂಗಳುಗಟ್ಟಲೆ ನುಂಗತಕ್ಕದ್ದಲ್ಲ.

ಮಕ್ಕಳು ಮೊರೆತದ ಬಗ್ಗೆ ಹೇಳಿಕೊಳ್ಳುವುದೇ ಇಲ್ಲ. ಅವರಲ್ಲಿ ಈ ನಾಳ ಗಿಡ್ಡ, ಹೆಚ್ಚು ಅಡ್ಡಲಾಗಿರುತ್ತದೆ; ದ್ರವ ಬಹುಬೇಗ ನಿಲ್ಲುತ್ತದೆ. ಮಗು ಟಿವಿಯ ಸದ್ದು ಏರಿಸುತ್ತಿದ್ದರೆ, ಕರೆದರೆ ತಿರುಗದಿದ್ದರೆ, ತರಗತಿಯಲ್ಲಿ ಹಿಂದೆ ಬೀಳುತ್ತಿದ್ದರೆ ಬೈಯುವ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ದೊಡ್ಡವರಲ್ಲಿ ಒಂದೇ ಕಿವಿಯ ದ್ರವ ಆರು ವಾರ ದಾಟಿಯೂ ಬತ್ತದಿದ್ದರೆ ಮೂಗಿನ ಹಿಂಭಾಗವನ್ನು ದುರ್ಬೀನಿನಿಂದ ನೋಡಿಸಲೇಬೇಕು. ಅಲ್ಲಿ ಬೆಳೆದ ಗಡ್ಡೆಯೊಂದು ನಾಳವನ್ನು ಒತ್ತುತ್ತಿರಬಹುದು. ನಾಡಿಯ ಬಡಿತದ ಲಯದಲ್ಲಿಯೇ ಕೇಳುವ ಮೊರೆತ ಬೇರೆ ಜಾತಿಯದು. ರಕ್ತಹೀನತೆ, ರಕ್ತದೊತ್ತಡ, ರಕ್ತನಾಳಗಳ ದೋಷ ಇವನ್ನು ಅಲ್ಲಿ ಹುಡುಕಬೇಕಾಗುತ್ತದೆ. ಕಿವಿಯ ಹಿಂದೆ ಊದಿ ಕೆಂಪಾಗುವುದು, ಮುಖದ ಒಂದು ಬದಿ ಸೊಟ್ಟಗಾಗುವುದು, ವಾಂತಿಯೊಡನೆ ತಲೆಸುತ್ತು, ಜ್ವರದೊಡನೆ ಕಣ್ಣಿನ ಸುತ್ತ ಊತ ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ದ್ರವ ಬತ್ತಿ, ಪರೀಕ್ಷೆಗಳೆಲ್ಲ ಸರಿಯಿದ್ದು, ಆದರೂ ಸಣ್ಣ ಮೊರೆತ ಉಳಿದವರು ಕೆಲವರಿರುತ್ತಾರೆ. ಅವರನ್ನು ಬಾಧಿಸುವುದು ಹೆಚ್ಚಾಗಿ ರಾತ್ರಿ. ಕೋಣೆ ನಿಶ್ಶಬ್ದವಾದಷ್ಟೂ ಮೊರೆತ ಬೆಳೆಯುತ್ತದೆ. ಅದನ್ನೇ ಆಲಿಸುತ್ತ ಮಲಗಿದರೆ ನಿದ್ದೆ ಬಾರದು. ನಿದ್ದೆಗೆಟ್ಟರೆ ಮರುದಿನ ಇನ್ನೂ ಜೋರು. ಇಂಥವರಿಗೆ ಫ್ಯಾನಿನ ಸದ್ದು ಅಥವಾ ಅತಿ ಮೆಲ್ಲಗೆ ಹಚ್ಚಿಟ್ಟ ರೇಡಿಯೋ ಒಳ್ಳೆಯ ಸಂಗಾತಿ. ಹೊರಗಿನ ಸಣ್ಣ ಶಬ್ದ ದೊರೆತಾಗ ಮಿದುಳು ಒಳಗಿನದನ್ನು ಹುಡುಕುವುದನ್ನು ಬಿಡುತ್ತದೆ. ಪಾದಾಭ್ಯಂಗ, ತಲೆಗೆ ಎಣ್ಣೆ, ಹೊತ್ತಿಗೆ ಸರಿಯಾಗಿ ಊಟ ಇವು ವಾತವನ್ನು ತಗ್ಗಿಸಿ ನಿದ್ದೆಗೆ ನೆರವಾಗುತ್ತವೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ದಂತವೈದ್ಯರನ್ನು ಕಾಣಬೇಕು; ದವಡೆಯ ಕೀಲಿನ ಬಿಗಿತವೂ ಮೊರೆತವನ್ನು ಹೆಚ್ಚಿಸುತ್ತದೆ. ಶ್ರವಣ ಕುಗ್ಗಿರುವ ಹಿರಿಯರಲ್ಲಿ ಶ್ರವಣಯಂತ್ರ ಹಾಕಿದ ದಿನವೇ ಮೊರೆತ ಮರೆಯಾದ ಉದಾಹರಣೆಗಳನ್ನು ಕಂಡಿದ್ದೇನೆ. ಯಂತ್ರ ಹಾಕಿದರೆ ಮುದುಕರಾದಂತೆ ಎಂಬ ನಾಚಿಕೆ ಏಕೋ ತಿಳಿಯದು, ಕನ್ನಡಕಕ್ಕಿಲ್ಲದ ನಾಚಿಕೆ.

ತೋರಿಸಲು ಹೋಗುವಾಗ ಮೊರೆತ ಯಾವ ಕಿವಿಯಲ್ಲಿ, ಯಾವ ದಿನ ಆರಂಭವಾಯಿತು, ನೆಗಡಿಗೆ ಏನೇನು ಔಷಧಿ ಆಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಮಾತ್ರೆಯ ಖಾಲಿ ಪಟ್ಟಿಗಳನ್ನೂ ಜೊತೆಗೆ ಒಯ್ಯಿರಿ. ಬಳ್ಳಾರಿಯಲ್ಲಿ ಜನರು ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗವೂ, ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿನಲ್ಲಿ ಶಾಲಾಕ್ಯ ವಿಭಾಗವೂ ಇವೆ. ಹಠಾತ್ತನೆ ಕಿವಿ ಮಂಕಾದವರು ಮೊದಲನೆಯದಕ್ಕೆ ಅದೇ ದಿನ ಹೋಗತಕ್ಕದ್ದು. ಉಳಿದವರು ಅನುಕೂಲವಾದಲ್ಲಿ ಒಮ್ಮೆ ಕಿವಿ ತೋರಿಸಿಕೊಂಡು, ಮೂರು ವಾರಗಳ ಬಳಿಕ ಮತ್ತೊಮ್ಮೆ ಹೋಗಿಬಂದರೆ ಸಾಕು.